ಹುಟ್ಟುಹಬ್ಬದ ಮುಯ್ಯಿ

ನಮ್ಮ ಗಿರಣಿ ಓಣಿಗಳಲ್ಲಿ ಒಂದು ಹೊಸ ಹಬ್ಬ ಬೇರೂರಿದೆ. ಪಂಚಾಂಗದಲ್ಲಿ ಅದಕ್ಕೆ ತಿಥಿಯಿಲ್ಲ. ಮನೆಮನೆಗೂ ಬೇರೆ ಬೇರೆ ದಿನ ಬರುತ್ತದೆ. ಅದು ಮಕ್ಕಳ ಹುಟ್ಟುಹಬ್ಬ. ಹಿಂದೆ ಆ ದಿನ ಮಗುವಿಗೆ ಎಣ್ಣೆ ನೀರೆರೆದು, ಆರತಿ ಎತ್ತಿ, ಪಾಯಸ ಮಾಡಿದರೆ ಮುಗಿಯುತ್ತಿತ್ತು. ಇಂದು ಕೇಕು, ಬಲೂನು, ಬ್ಯಾಟರಿ ಕಾರು. ಬಂದ ಮಕ್ಕಳಿಗೆಲ್ಲ ‘ರಿಟರ್ನ್ ಗಿಫ್ಟ್’. ಮಗುವಿನ ಸಂತೋಷ ಕಂಡು ಕರುಬುವವರು ನಾವಲ್ಲ. ದುಡಿಯುವವನ ಮಗುವಿಗೆ ಆಟಿಕೆ ಯಾಕೆ ಎಂಬ ನೀತಿಬೋಧೆ ಉಳ್ಳವರದು, ನಮ್ಮದಲ್ಲ. ನಾವು ಕೇಳುವುದು ಇಷ್ಟೆ: ಈ ಖರ್ಚು ಯಾರಿಗಾಗಿ? ಎಲ್ಲಿಂದ?

ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 10 ಮನೆಯ ಕರೆ, ಮನೆಗೊಂದು 300 ರೂಪಾಯಿ ಉಡುಗೊರೆ ಎಂದಿಟ್ಟುಕೊಂಡರೆ 3,000 ಆಯಿತು. ಸ್ವಂತ ಮಕ್ಕಳಿಬ್ಬರಿಗೆ ತಲಾ 3,000 ಹಿಡಿದರೆ ಒಟ್ಟು 9,000. ಕಾರ್ಮಿಕನ ಬೋನಸ್ಸು ಅಲ್ಲಿಗೆ ಕರಗಿತು. ಆ ಬೋನಸ್ಸೇನು ಮಾಲೀಕರು ದಯಪಾಲಿಸಿದ್ದೆ? 1965ರ ಕಾಯಿದೆ ಕೊಟ್ಟ ಕನಿಷ್ಠ ಪ್ರಮಾಣ ಶೇಕಡ 4. ಅದು 8.33ಕ್ಕೆ, ಅಂದರೆ ವರ್ಷದಲ್ಲಿ ಒಂದು ತಿಂಗಳ ಪಾಲಿಗೆ, ಏರಿದ್ದು 1972ರಲ್ಲಿ. 1975ರ ತುರ್ತುಪರಿಸ್ಥಿತಿಯಲ್ಲಿ ಅದನ್ನು ಮತ್ತೆ 4ಕ್ಕೆ ಇಳಿಸಿದರು. 1977ರಲ್ಲಿ ಸರ್ಕಾರ ಬದಲಾದ ಮೇಲೆ 8.33 ಮರಳಿ ಬಂತು. ಹೀಗೆ ಹೋರಾಡಿ ಪಡೆದ ಒಂದು ತಿಂಗಳ ಪಾಲನ್ನು ನಾವೇ ಕೈಯಾರೆ ಬಲೂನಿನೊಳಗೆ ಊದಿಬಿಡುತ್ತಿದ್ದೇವೆ.

ಸಣ್ಣ ವ್ಯಾಪಾರಿಯ ಪಾಡು ಇದಕ್ಕಿಂತ ಕಷ್ಟ. ಅವನಿಗೆ ಬೋನಸ್ಸೂ ಇಲ್ಲ. ನಾಳೆಯ ಮಾಲಿಗೆ ಇಟ್ಟ ಹಣವನ್ನು ಮುರಿದು ಆಟಿಕೆ ತರುತ್ತಾನೆ. ಮಾಲನ್ನು ಉದ್ರಿ ತಂದು ಬಡ್ಡಿ ಕಟ್ಟುತ್ತಾನೆ.

ಯಾಕೆ ಹೀಗೆ? ಮದುವೆ ಮನೆಯ ಮುಯ್ಯಿ ನಮಗೆಲ್ಲ ಗೊತ್ತು. ಕೊಟ್ಟವರಿಗೆ ಅಷ್ಟೇ ತಿರುಗಿ ಕೊಡಬೇಕು. ಕಡಿಮೆಯಾದರೆ ಮಾನ ಹೋಯಿತು. ಆ ಮುಯ್ಯಿಯೀಗ ಐದು ವರ್ಷದ ಕೂಸಿನ ಕೈಗೆ ಬಂದಿದೆ. ಪಕ್ಕದ ಮನೆಯವರು 300 ಕೊಟ್ಟರೆ ನಾವು 400 ಕೊಡಬೇಕು, ಅವರು ಮತ್ತೆ 500. ಮಗು ರಟ್ಟಿನ ಡಬ್ಬಿಯಲ್ಲಿಯೇ ಆಡಿ ನಲಿಯುತ್ತದೆ. ಡಬ್ಬಿಯ ಮೇಲಿನ ಬೆಲೆಯನ್ನು ಓದುವವರು ದೊಡ್ಡವರು. ಬಡವನು ಬಡವನೊಡನೆ ಪಂದ್ಯ ಕಟ್ಟಿದರೆ ಗೆಲ್ಲುವವನು ಮೂರನೆಯವನು, ಕಂತಿನ ಮೇಲೆ ಸಾಮಾನು ಮಾರುವವನು.

ಇನ್ನೊಂದು ಮಾತು ಉಂಟು. ಪಾಳಿಯ ಮೇಲೆ ಪಾಳಿ ದುಡಿದು, ಮಗು ಮಲಗಿದ ಮೇಲೆ ಮನೆ ಸೇರುವ ತಂದೆ ತಾಯಿಯರು ತಮ್ಮ ಗೈರುಹಾಜರಿಗೆ ಆಟಿಕೆಯ ರೂಪದಲ್ಲಿ ದಂಡ ಕಟ್ಟುತ್ತಿದ್ದಾರೆ. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಯನ್ನು ತಿದ್ದಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿಕೊಟ್ಟಿತು. ಮಗುವಿನ ಪಾಲಿನ ಸಂಜೆಯನ್ನು ಕಸಿದವರು ಒಬ್ಬರು. ಆ ಸಂಜೆಯ ಬದಲಿಗೆ ಪ್ಲಾಸ್ಟಿಕ್ಕು ಮಾರಿ ಲಾಭ ಮಾಡುವವರು ಇನ್ನೊಬ್ಬರು. ಎಂಟು ಗಂಟೆಯ ದುಡಿಮೆ ಎಂಬ ಹಳೆಯ ಬೇಡಿಕೆ ಮಕ್ಕಳ ಬೇಡಿಕೆಯೂ ಹೌದು.

ಒಬ್ಬ ತಂದೆ ಒಂಟಿಯಾಗಿ ‘ಕೊಡುವುದಿಲ್ಲ’ ಎಂದರೆ ಅವನ ಮಗು ಓಣಿಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಇದು ಒಬ್ಬರ ಕೆಲಸವಲ್ಲ, ಓಣಿಯ ಕೆಲಸ. ಹತ್ತು ಮನೆಯವರು ಕೂಡಿ ಗೊತ್ತುಮಾಡಲಿ: ಮುಯ್ಯಿ ಬೇಡ, ರಿಟರ್ನ್ ಗಿಫ್ಟೂ ಬೇಡ. ಮನೆಗೆ 50 ರೂಪಾಯಿ ಸೇರಿಸಿ ಒಂದೇ ಉಡುಗೊರೆ ಕೊಟ್ಟರೆ ಸಾಕು; ಒಂದೆರಡು ಪುಸ್ತಕ, ಒಂದು ಚೆಂಡು, ಇಲ್ಲವೆ ಚನ್ನಪಟ್ಟಣದಲ್ಲಿ ನಮ್ಮಂಥ ಕೈಗಳೇ ಕಡೆದು ಅರಗಿನ ಬಣ್ಣ ಹಾಕಿದ ಒಂದು ಮರದ ಬೊಂಬೆ. ಉಳಿದ ಹಣ ಶಾಲೆಯ ಜೂನ್ ತಿಂಗಳ ಖರ್ಚಿಗೆ ಬರುತ್ತದೆ.

ಅಂದು ಸಂಜೆ ತಂದೆ ತಾಯಿ ಇಬ್ಬರೂ ಮನೆಯಲ್ಲಿರಲಿ. ರಜೆ ಕೊಡದಿದ್ದರೆ ಆ ಮಾತನ್ನು ಸಂಘದ ಮುಂದಿನ ಸಭೆಗೆ ತನ್ನಿ.