ಸೂಜಿಗೆ ಅವಸರ, ಪರೀಕ್ಷೆಗೆ ಬೇಸರ

ಕಳೆದ ಕಾಫಿ ಕೊಯ್ಲಿನಲ್ಲಿ ನಮ್ಮ ಲೈನ್ ಮನೆಯ ಕೆಲಸಗಾರನೊಬ್ಬನಿಗೆ ಜ್ವರ ಬಂತು. ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದವನು ನಾನೇ. "ಡಾಕ್ಟ್ರೇ, ಸ್ವಲ್ಪ ಸ್ಟ್ರಾಂಗಾಗಿ ಕೊಡಿ, ನಾಡಿದ್ದು ಕೆಲಸಕ್ಕೆ ಬರಬೇಕು" ಎಂದವನೂ ನಾನೇ. ಅವರು ಸೆಫ್ಟ್ರಿಯಾಕ್ಸೋನ್ ಸೂಜಿ ಬರೆದರು. ರಕ್ತಪರೀಕ್ಷೆ ಆಗಲಿಲ್ಲ, ನಾನೂ ಕೇಳಲಿಲ್ಲ. ಆದ್ದರಿಂದ ಈ ಬರಹವನ್ನು ವೈದ್ಯರ ಮೇಲಿನ ದೂರೆಂದು ಸದಸ್ಯ ಬಾಂಧವರು ಭಾವಿಸಬಾರದು.

ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದವರು 2021ರ ನವೆಂಬರಿನಿಂದ 2022ರ ಏಪ್ರಿಲ್‌ವರೆಗೆ ದೇಶದ 20 ದೊಡ್ಡ ಆಸ್ಪತ್ರೆಗಳ ಒಳರೋಗಿಗಳನ್ನು ಸಮೀಕ್ಷೆ ಮಾಡಿದರು. 9,652 ಮಂದಿಯಲ್ಲಿ ಶೇ. 71.9 ಜನರಿಗೆ ಆಂಟಿಬಯಾಟಿಕ್ ನಡೆಯುತ್ತಿತ್ತು. ಅದರಲ್ಲಿ ಶೇ. 55 ಬರೀ ಮುಂಜಾಗ್ರತೆಗೆ. ಚಿಕಿತ್ಸೆಗೆಂದು ಕೊಟ್ಟದ್ದರಲ್ಲೂ ಕ್ರಿಮಿ ಯಾವುದೆಂದು ಖಚಿತಪಡಿಸಿಕೊಂಡು ಕೊಟ್ಟದ್ದು ಶೇ. 6 ಮಾತ್ರ. ದೊಡ್ಡ ಆಸ್ಪತ್ರೆಗಳ ಗತಿಯೇ ಇದಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಯಾವ ಬಾಯಿಂದ ದೂರುವುದು?

ಮುಂಜಾಗ್ರತೆ ನಮಗೇನು ಹೊಸದಲ್ಲ. ಕೋಲ್ಮನ್ ಸಾಹೇಬರ ಕಾಲದಿಂದಲೂ ಕೊಳೆರೋಗಕ್ಕೆ ಮಳೆಗೆ ಮುಂಚೆ ಬೋರ್ಡೋ ಹೊಡೆಯುತ್ತಿದ್ದೇವೆ. ಅದೇ ಮೈಲುತುತ್ತ, ಅದೇ ಸುಣ್ಣ, ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ತಾಮ್ರವು ರೋಗಾಣುವನ್ನು ಏಕಕಾಲಕ್ಕೆ ಹಲವು ಕಡೆ ಹೊಡೆಯುತ್ತದೆ. ಆಂಟಿಬಯಾಟಿಕ್ ಸಾಮಾನ್ಯವಾಗಿ ಒಂದೇ ಮರ್ಮಕ್ಕೆ ಗುರಿಯಿಟ್ಟದ್ದು. ಆ ಮರ್ಮವನ್ನು ಬದಲಿಸಿಕೊಂಡೋ, ಔಷಧಿಯನ್ನೇ ಒಡೆದುಹಾಕಲು ಕಲಿತೋ ಉಳಿದುಕೊಂಡ ಕ್ರಿಮಿ ಪಕ್ಕದ ಮಂಚದ ರೋಗಿಗೂ ಹತ್ತುತ್ತದೆ. ಸೆಫ್ಟ್ರಿಯಾಕ್ಸೋನನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಎಚ್ಚರದಿಂದ ಬಳಸಬೇಕಾದ ಗುಂಪಿಗೆ ಸೇರಿಸಿದೆ.

ನಮ್ಮ ಮಲೆನಾಡಿನ ತೊಡಕೇ ಬೇರೆ. ಕೊಯ್ಲಿನ ಕಾಲವೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಿದ ಈ ಜ್ವರ ವೈರಸ್ಸಿನದು, ಆಂಟಿಬಯಾಟಿಕ್ಕಿಗೆ ಜಗ್ಗದು. ಇಲಿಜ್ವರಕ್ಕಾದರೋ ಆಂಟಿಬಯಾಟಿಕ್ ಬೇಕೇ ಬೇಕು, ತಡಮಾಡಿದರೆ ಮೂತ್ರಪಿಂಡಕ್ಕೆ ಕುತ್ತು. ಮೊದಲ ದಿನಗಳಲ್ಲಿ ಎರಡೂ ಒಂದೇ ಥರ: ಜ್ವರ, ತಲೆನೋವು, ಮೈಕೈ ನೋವು. ಬೇಕಾದದ್ದು ಪರೀಕ್ಷೆ, ನಾವು ಕೇಳುವುದು ಸೂಜಿ.

ನಮ್ಮ ಸಂಘದ ಔಷಧಿ ಅಂಗಡಿಯೂ ಸಾಚಾ ಅಲ್ಲ. ಶೆಡ್ಯೂಲ್ ಎಚ್-1ರ ಔಷಧಿಗಳನ್ನು ಚೀಟಿ ನೋಡಿ ಕೊಟ್ಟು, ವೈದ್ಯರ ಮತ್ತು ರೋಗಿಯ ಹೆಸರು ಬರೆದಿಡಬೇಕೆಂಬ ನಿಯಮ 2014ರ ಮಾರ್ಚಿನಿಂದಲೇ ಜಾರಿಯಲ್ಲಿದೆ. ಮುಖ ನೋಡಿ ಕೊಡುವ ರೂಢಿ ನಿಂತಿಲ್ಲ. ಕಾರ್ಯದರ್ಶಿಯಾಗಿ ಈ ತಪ್ಪು ನನ್ನದೂ ಹೌದು. ಈ ತಿಂಗಳಿಂದ ಚೀಟಿಯಿಲ್ಲದೆ, ನಿರ್ದೇಶಕರ ಮನೆಯವರೇ ಬಂದರೂ, ಕೊಡಬಾರದೆಂದು ತಿಳಿಸಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಲ್ಚರ್ ಪರೀಕ್ಷೆಗೆ ವ್ಯವಸ್ಥೆ ಆಗಬೇಕೆಂದು ಆರೋಗ್ಯ ರಕ್ಷಾ ಸಮಿತಿಗೆ ಸಂಘದಿಂದ ಮನವಿ ಕೊಡುವ ವಿಷಯವನ್ನು ಮುಂದಿನ ಸಭೆಯಲ್ಲಿಡುತ್ತೇನೆ.

ಅಂದಹಾಗೆ, ನಮ್ಮ ಕೆಲಸಗಾರ ಐದನೇ ದಿನ ತೋಟಕ್ಕೆ ಬಂದ. ಗುಣವಾದದ್ದು ಸೂಜಿಯಿಂದಲೋ ತಾನಾಗಿಯೋ, ವೈದ್ಯರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.