ಹಸಿರು ಶಾಲು ಮತ್ತು ಮಂತ್ರಿಪದವಿ

ರೈತನು ಮಂತ್ರಿಯಾದರೆ ರೈತರ ಕಷ್ಟ ನೀಗುವುದೆಂಬ ನಂಬಿಕೆ ನಾಡಿನಲ್ಲಿ ಬಹುಕಾಲದಿಂದ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ಪರೀಕ್ಷಿಸಲು, 2021ರಲ್ಲಿ ನಿಧನರಾದ ಬಾಬಾಗೌಡ ಪಾಟೀಲರ ಸಾರ್ವಜನಿಕ ಜೀವನಕ್ಕಿಂತ ತಕ್ಕ ನಿದರ್ಶನ ಕರ್ನಾಟಕದಲ್ಲಿ ವಿರಳ.

ಪಾಟೀಲರು ಬೆಳಗಾವಿ ಜಿಲ್ಲೆಯ ಚಿಕ್ಕಬಾಗೇವಾಡಿಯ ಒಕ್ಕಲುತನದ ಮನೆತನದವರು. 1980ರ ಜುಲೈ ತಿಂಗಳಿನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿಯೆಂಬ ಕರವನ್ನು ವಿರೋಧಿಸಿ ನರಗುಂದ-ನವಲಗುಂದಗಳಲ್ಲಿ ಸಿಡಿದೆದ್ದರು; ಗೋಲಿಬಾರಿನಲ್ಲಿ ಪ್ರಾಣಗಳು ಹೋದವು. ಅದೇ ವರ್ಷ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಮೊದಲಾದವರ ಶ್ರಮದಿಂದ ರಾಜ್ಯ ರೈತ ಸಂಘ ಮೈದಳೆಯಿತು. ಉತ್ತರ ಕರ್ನಾಟಕದಲ್ಲಿ ಆ ಸಂಘದ ಗಟ್ಟಿ ಧ್ವನಿಯಾದವರು ಪಾಟೀಲರು. ಅನುಮತಿಯಿಲ್ಲದೆ ಸಾಲ ವಸೂಲಿಯ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಯ ಬಾಗಿಲಲ್ಲಿ ಫಲಕ ನೆಟ್ಟ ಚಳವಳಿ ಅದು.

1989ರ ವಿಧಾನಸಭಾ ಚುನಾವಣೆಯಲ್ಲಿ ಅವರು ಧಾರವಾಡ ಗ್ರಾಮೀಣ ಹಾಗೂ ಕಿತ್ತೂರು ಎರಡೂ ಕ್ಷೇತ್ರಗಳಲ್ಲಿ ಜಯಗಳಿಸಿದರು. ಧಾರವಾಡದ ಸ್ಥಾನವನ್ನು ತೆರವು ಮಾಡಿದಾಗ ಅಲ್ಲಿಂದ ನಂಜುಂಡಸ್ವಾಮಿಯವರು ಶಾಸನಸಭೆ ಪ್ರವೇಶಿಸಿದರು. ಮುಂದೆ ಪಾಟೀಲರು ಭಾರತೀಯ ಜನತಾ ಪಕ್ಷವನ್ನು ಸೇರಿ, 1998ರಲ್ಲಿ ಬೆಳಗಾವಿಯಿಂದ ಲೋಕಸಭೆಗೆ ಆಯ್ಕೆಯಾಗಿ, ವಾಜಪೇಯಿಯವರ ಸಂಪುಟದಲ್ಲಿ ಗ್ರಾಮೀಣ ಪ್ರದೇಶ ಮತ್ತು ಉದ್ಯೋಗ ಖಾತೆಯ ಸ್ವತಂತ್ರ ಹೊಣೆಯ ರಾಜ್ಯ ಸಚಿವರಾದರು. 1999ರ ಚುನಾವಣೆಯಲ್ಲಿ ಸೋತರು.

ಇದನ್ನು ಕೆಲವರು ಚಳವಳಿಗೆ ಬಗೆದ ದ್ರೋಹವೆಂದರು. ಕೆಲವರು ರೈತನ ವಿಜಯವೆಂದರು. ಎರಡೂ ಆತುರದ ತೀರ್ಪುಗಳು. ರೈತ ಸಂಘದ ಮುಖ್ಯ ಬೇಡಿಕೆ ಬೆಳೆಗೆ ವೈಜ್ಞಾನಿಕ ಬೆಲೆ. ಆದರೆ ಬೆಂಬಲ ಬೆಲೆಯ ನಿರ್ಧಾರ ಅವರ ಖಾತೆಗೆ ಸೇರಿದ್ದಲ್ಲ, ಕೃಷಿ ಸಚಿವಾಲಯದ್ದು. ಅವರ ಇಲಾಖೆಯ ಕಾರ್ಯವೆಂದರೆ ಬಡ ಕುಟುಂಬಗಳಿಗೆ ಉದ್ಯೋಗ, ಸಾಲ, ಸಹಾಯಧನ. 1999ರ ಏಪ್ರಿಲ್ 1ರಂದು ಹಳೆಯ ಹಲವು ಯೋಜನೆಗಳನ್ನು ಒಗ್ಗೂಡಿಸಿ, ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ಸಾಲ ಒದಗಿಸುವ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ ಯೋಜನೆ ಆರಂಭವಾದದ್ದು ಅದೇ ಇಲಾಖೆಯಿಂದ. ಅದು ಉಪಯುಕ್ತ ಕಾರ್ಯವೇ ಸರಿ. ಆದರೆ ಬೀದಿಯಲ್ಲಿ ಕೇಳಿದ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಪದವಿಯು ವ್ಯಕ್ತಿಗೆ ಖಾತೆಯನ್ನು ಕೊಡುತ್ತದೆ, ಅದರೊಡನೆ ಒಂದು ಗಡಿಯನ್ನೂ ಎಳೆಯುತ್ತದೆ. ಆ ಗಡಿಯಾಚೆಗೆ ಸರ್ಕಾರವನ್ನು ಎಳೆದೊಯ್ಯಬಲ್ಲದ್ದು ಹೊರಗೆ ಎಚ್ಚರವಾಗಿರುವ ಸಂಘಟನೆಯೊಂದೇ. ಒಡೆದು ಬಣಗಳಾದ ರೈತ ಸಂಘಕ್ಕೆ ಆ ಬಲ ಉಳಿಯಲಿಲ್ಲ. ಸೋಲು ಒಬ್ಬ ಪಾಟೀಲರದಲ್ಲ.

ಉತ್ತರ ಬೆಂಗಳೂರಿನ ವಿದ್ಯಾಸಂಸ್ಥೆಗೆ ಈ ಕಥೆ ದೂರದ್ದೆನಿಸಬಹುದು. ಆದರೆ ಯಲಹಂಕ, ಹೆಬ್ಬಾಳಗಳ ಸುತ್ತ ರಾಗಿ, ದ್ರಾಕ್ಷಿ ಬೆಳೆದ ನೆಲ ಬಡಾವಣೆಯಾದಾಗ, ಆ ನಿರ್ಧಾರದಲ್ಲಿ ಉಳುವವನ ಮಾತಿಗೆ ಎಷ್ಟು ಬೆಲೆಯಿತ್ತು? 1964ರಿಂದ ಕೃಷಿ ವಿಶ್ವವಿದ್ಯಾನಿಲಯವಿರುವ ಈ ಪ್ರದೇಶದ ಮಕ್ಕಳಿಗೆ ಬೇಸಾಯವು ಅಜ್ಜಂದಿರ ನೆನಪಾಗಿ ಮಾತ್ರ ಉಳಿಯಬಾರದು. ರೈತನ ಮಗ ಮಂತ್ರಿಯಾಗಬೇಕೆಂದು ಹಾರೈಸುವುದು ಸುಲಭ. ಮಂತ್ರಿಯಾದವನನ್ನು ಲೆಕ್ಕ ಕೇಳಬಲ್ಲ ವಿದ್ಯಾವಂತ ಗ್ರಾಮಸ್ಥರನ್ನು ರೂಪಿಸುವುದು ಕಠಿಣ. ಶಿಕ್ಷಕರೂ ದಾನಿಗಳೂ ಕೈಗೊಳ್ಳಬೇಕಾದ ಕಾರ್ಯ ಆ ಎರಡನೆಯದೇ.