ಸರಳ ಎಂದರೆ ಯಾರಿಗೆ ಸರಳ?

ಕವಿಗೋಷ್ಠಿಯ ಅಧ್ಯಕ್ಷ ಭಾಷಣಗಳಲ್ಲಿ ತಪ್ಪದೆ ಬರುವ ಉಪದೇಶವೊಂದಿದೆ: ಕವಿತೆ ಜನಸಾಮಾನ್ಯರಿಗೆ ಅರ್ಥವಾಗುವ ಹಾಗೆ ಸರಳವಾಗಿರಬೇಕು. ಸಭೆ ಚಪ್ಪಾಳೆ ತಟ್ಟುತ್ತದೆ. ಹೊಸದಾಗಿ ಬರೆಯುವವರು ತಲೆದೂಗಿ, ಮರುದಿನದಿಂದ ಗದ್ಯವನ್ನೇ ನಾಲ್ಕು ಸಾಲಿಗೆ ತುಂಡರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕತೊಡಗುತ್ತಾರೆ. ಉಪದೇಶದ ಹಿಂದಿರುವ ಮನಸ್ಸು ಒಳ್ಳೆಯದೇ. ಆದರೆ ಕನ್ನಡ ಕಾವ್ಯದ ಚರಿತ್ರೆ ಅದನ್ನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವುದಿಲ್ಲ.

ಸಂಸ್ಕೃತದ ಹೊರೆ ಇಳಿಸಿದರೆ ಕನ್ನಡ ತಾನಾಗಿ ತಿಳಿಯಾಗುತ್ತದೆ ಎಂಬ ನಂಬಿಕೆ ಹಳೆಯದು. 1112ರಲ್ಲಿ ‘ಧರ್ಮಾಮೃತ’ ಬರೆದ ನಯಸೇನ, ಕನ್ನಡದಲ್ಲಿ ಸಂಸ್ಕೃತ ಬೆರೆಸುವವರನ್ನು ಗೇಲಿ ಮಾಡಿದ. ತಾನೂ ಧಾರಾಳವಾಗಿ ಬೆರೆಸಿದ, ಅದು ಬೇರೆ ಮಾತು. ಆಮೇಲೆ ಬಂದ ಆಂಡಯ್ಯ ನುಡಿದಂತೆ ನಡೆದ. ‘ಕಬ್ಬಿಗರ ಕಾವ’ದಲ್ಲಿ ತತ್ಸಮಗಳನ್ನು ಹೊರಗಿಟ್ಟು, ದೇಶ್ಯ ಮತ್ತು ತದ್ಭವಗಳಲ್ಲೇ ಕಾವ್ಯ ಕಟ್ಟಿ ತೋರಿಸಿದ. ದೊಡ್ಡ ಸಾಹಸ, ನಿಜ. ಆದರೆ ಇಂದಿನ ಓದುಗ ಆ ಅಚ್ಚಗನ್ನಡವನ್ನು ನಿಘಂಟು ಪಕ್ಕದಲ್ಲಿಟ್ಟುಕೊಳ್ಳದೆ ಓದಲಾರ.

ಇನ್ನು ಅಲ್ಲಮಪ್ರಭು. ಅವನ ವಚನಗಳಲ್ಲಿ ಬೆಟ್ಟ, ಕಪ್ಪೆ, ಇರುವೆ, ಮನೆ, ಬೆಂಕಿ ಇಂಥವೇ ಪದಗಳು. ಅನೇಕ ಕಡೆ ಮೂರನೇ ತರಗತಿಯ ಮಗುವಿಗೆ ಗೊತ್ತಿಲ್ಲದ ಪದ ಹುಡುಕುವುದೇ ಕಷ್ಟ. ಆದರೂ ಆ ಬೆಡಗಿನ ವಚನಗಳ ಅರ್ಥ ಹೇಳಲು ಟೀಕಾಕಾರರು ಶತಮಾನಗಳಿಂದ ಬೆವರು ಹರಿಸುತ್ತಿದ್ದಾರೆ. ಪದ ಸಲೀಸು, ಕವಿತೆ ಕಠಿಣ.

ಕುಮಾರವ್ಯಾಸನಲ್ಲಿ ಇದು ತಿರುವುಮುರುವು. ಅವನ ಭಾರತದಲ್ಲಿ ಸಂಸ್ಕೃತ ಸಮಾಸಗಳು ಸಾಲುಗಟ್ಟಿ ಬರುತ್ತವೆ. ಯುದ್ಧದ ವರ್ಣನೆಗಳಲ್ಲಂತೂ ಒಂದೊಂದು ಸಮಾಸ ಇಡೀ ಸಾಲನ್ನೇ ನುಂಗುತ್ತದೆ. ಈಗಿನ ಅಳತೆಗೋಲು ಹಿಡಿದರೆ ಅದು ಪಂಡಿತರ ಕಾವ್ಯವಾಗಬೇಕಿತ್ತು. ಆಗಿದ್ದು ಹಳ್ಳಿಯ ಜಗಲಿಯ ಕಾವ್ಯ. ಮಳೆ ಹೋದಾಗ ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂದು ನಂಬಿದ್ದ ಊರುಗಳಲ್ಲಿ, ಅಕ್ಷರ ಬಾರದವರೂ ರಾತ್ರಿ ಕೂತು ಕೇಳಿದ್ದಾರೆ. ಅದು ಹೇಗೆ ಸಾಧ್ಯವಾಯಿತೆಂದು ನೋಡಬೇಕಾದರೆ ಭಾಮಿನಿ ಷಟ್ಪದಿಯ ನಡೆಗೆ ಕಿವಿಗೊಡಬೇಕು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಹೀಗೆ ಎರಡು ಸಾಲು ನಡೆದು, ಮೂರನೆಯದರಲ್ಲಿ ಇನ್ನೊಂದು ಸುತ್ತು ಹೆಚ್ಚು ಹೋಗಿ, ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಆ ಓಟದಲ್ಲಿ ಗೊತ್ತಿಲ್ಲದ ಪದವೂ ಮುಂದಿನ ಮಾತಿನ ಜೊತೆ ಸಾಗಿ ಹೋಗುತ್ತದೆ. ಪಕ್ಕದಲ್ಲೇ ಉತ್ತರಕುಮಾರ ಹೆಂಗಸರ ಮುಂದೆ ಕೊಚ್ಚಿಕೊಳ್ಳುವ ಬಡಾಯಿ, ಭೀಮನ ಮುಂದೆ ದ್ರೌಪದಿ ತೋಡಿಕೊಳ್ಳುವ ಸಂಕಟ ಮನೆಮಾತಿನಲ್ಲಿ ಬರುತ್ತವೆ. ಮೇಲಾಗಿ ಗಮಕಿ ಓದುತ್ತಾನೆ, ವ್ಯಾಖ್ಯಾನಕಾರ ಬಿಡಿಸಿ ಹೇಳುತ್ತಾನೆ. ಕರಾವಳಿಯ ತಾಳಮದ್ದಳೆಯಲ್ಲೂ ಹೀಗೆಯೇ. ಅರ್ಥಧಾರಿಗಳ ಗ್ರಾಂಥಿಕ ಕನ್ನಡಕ್ಕೆ ಸಾಮಾನ್ಯ ಕೃಷಿಕರು ಬೆಳಗಿನವರೆಗೆ ಕಿವಿಗೊಡುತ್ತ ಬಂದಿದ್ದಾರೆ. ‘ಜನರಿಗೆ ತಿಳಿಯುವುದಿಲ್ಲ’ ಎಂದು ಜನರ ಪರವಾಗಿ ತೀರ್ಪು ಕೊಡುವವರು ಇದನ್ನು ಮರೆಯುತ್ತಾರೆ.

ಆಡುಮಾತಿನಲ್ಲಿ ಬರೆದರೆ ಸಮಸ್ಯೆ ತೀರೀತೇ? ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಪೇಟೆಯ ಓದುಗರೇ ತಿಣುಕಿದರು. ಅದರಲ್ಲಿದ್ದದ್ದು ನಂಜನಗೂಡು ಸೀಮೆಯ ಜನ ದಿನವೂ ಆಡುವ ಕನ್ನಡ. ಬೇಂದ್ರೆಯವರ ಧಾರವಾಡದ ಮಾತೂ ದಕ್ಷಿಣದ ಕಿವಿಗೆ ಮೊದಮೊದಲು ಅಷ್ಟೇ ತೊಡಕು. ಪತ್ರಿಕೆ, ಪಠ್ಯಪುಸ್ತಕಗಳ ಕನ್ನಡವನ್ನು ಸರಳವೆಂದು ಕರೆಯುವವರು ಅದು ತಮಗೆ ಸರಳ ಎಂದಷ್ಟೇ ಹೇಳುತ್ತಿರುತ್ತಾರೆ.

ನಿಜವಾಗಿ ಸರಳವಾಗಿ ಬರೆದವರ ಕಸುಬು ಕಣ್ಣಿಗೆ ಬೀಳುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರಿಂದ ಮನೆಮನೆಯ ಹಾಡಾಗಿದ್ದರೆ, ಅದಕ್ಕೆ ಸುಲಭ ಪದಗಳಷ್ಟೇ ಕಾರಣವಲ್ಲ. ಮಾತಿನ ಲಯ ಎಲ್ಲೂ ಮುರಿಯದಂತೆ ಕೂತ ಪ್ರಾಸ, ಬಿಗಿಯಾದ ಪಲ್ಲವಿ ಕಾರಣ. ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಸಿಟ್ಟನ್ನು ಬೀದಿಯ ಮಾತಿನಲ್ಲೇ ಇಟ್ಟಿತು. ಮೆರವಣಿಗೆಯಲ್ಲಿ ನೂರು ಜನ ಒಟ್ಟಿಗೆ ಹೇಳಬಹುದಾದ ಪುನರುಕ್ತಿ ಅದರ ಶಿಲ್ಪ. ಅದನ್ನು ಕಲಿಯದೆ ಬರಿಯ ಸುಲಭ ಪದಗಳನ್ನು ಪೇರಿಸಿದರೆ ಸಿಗುವುದು ಶುಭಾಶಯ ಪತ್ರ.

ಹಾಗೆಂದು ಆಡಂಬರಕ್ಕೆ ರಹದಾರಿ ಕೊಡಬೇಕಿಲ್ಲ. ಅನುಪಮ, ಅನನ್ಯ, ಅಮೋಘ ಎಂದು ಪೋಣಿಸಿದ ಸನ್ಮಾನಪತ್ರದ ಭಾಷೆ ಈಗಲೂ ಕವಿತೆಯ ವೇಷದಲ್ಲಿ ಓಡಾಡುತ್ತಿದೆ. ಅದರಲ್ಲಿ ಒಂದು ಪದ ತೆಗೆದರೂ ಏನೂ ಕಳೆದುಹೋಗುವುದಿಲ್ಲ. ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ನ ಉದ್ದನೆಯ ಮಹೋಪಮೆಯಲ್ಲಿ ಹಾಗೆ ತೆಗೆಯಲಾಗದು, ಕಾಡು ಕಂಡ ಕಣ್ಣು ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಅದೇ ಕವಿ ಮಕ್ಕಳಿಗೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೂ ಬರೆದರು. ಎರಡು ಕನ್ನಡವೂ ಅವರವೇ. ಯಾವ ಕೆಲಸಕ್ಕೆ ಯಾವುದೆಂದು ಅವರಿಗೆ ಗೊತ್ತಿತ್ತು.

ಗೋಷ್ಠಿಯ ಅಧ್ಯಕ್ಷರು, ಸಂಪಾದಕರು, ಮೇಷ್ಟರು ಹೊಸಬರಿಗೆ ‘ಸರಳವಾಗಿ ಬರಿ’ ಎನ್ನುವ ಬದಲು, ಬರೆದದ್ದನ್ನು ಗಟ್ಟಿಯಾಗಿ ಓದಿಸಲಿ. ತರಗತಿಯಲ್ಲೂ ಭಾವಾರ್ಥವನ್ನು ಉಕ್ತಲೇಖನ ಕೊಡುವ ಮುನ್ನ, ಪದ್ಯವನ್ನು ಮಕ್ಕಳ ಬಾಯಲ್ಲಿ ಎರಡು ಸಲ ಹೇಳಿಸಲಿ. ಗೊತ್ತಿಲ್ಲದ ಪದಗಳ ಪಟ್ಟಿ ಆಮೇಲೆ ಮಾಡಿದರಾಯಿತು.